ಇಪ್ಪತ್ಮೂರನೆಯ ಪ್ರಶ್ನೆ

ಕೊಯಮತ್ತೂರಿನ ಒಪ್ಪನಕ್ಕಾರ ಬೀದಿಯಲ್ಲಿ ಜವಳಿ ಅಂಗಡಿಯೊಂದರ ಮಹಡಿಯ ಮೇಲೆ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕಣ್ಣಮ್ಮ ಅಲ್ಲಿ ಹದಿನೆಂಟು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಹುಡುಗಿಯರಿಗೆ ಟೈಪಿಂಗ್ ಕಲಿಸುವುದು, ಮಧ್ಯಾಹ್ನದ ಮೇಲೆ ಕಾಲೇಜಿನವರ ಪ್ರಬಂಧಗಳನ್ನು ಟೈಪ್ ಮಾಡುವುದು. ಹತ್ತಿ ಗಿಡದ ಹುಳು, ಸಹಕಾರ ಸಂಘಗಳ ಚರಿತ್ರೆ, ಪೇರೂರು ದೇವಸ್ಥಾನದ ಶಾಸನಗಳು, ಅಂಕಗಣಿತ ಬಾರದ ಮಕ್ಕಳ ಮನಸ್ಸು, ಎಲ್ಲವೂ ಅವಳ ಬೆರಳಿನ ಕೆಳಗೆ ಹಾದುಹೋಗಿದ್ದವು. ಯಾವುದೂ ನೆನಪಿನಲ್ಲಿ ಉಳಿದಿರಲಿಲ್ಲ. ಓದುತ್ತಾ ಹೋದರೆ ತಪ್ಪು ಬೀಳುತ್ತದೆ, ಅಕ್ಷರ ಮಾತ್ರ ನೋಡಬೇಕು ಎಂದು ಅವಳು ಕಲಿಯುವ ಹುಡುಗಿಯರಿಗೂ ಹೇಳುತ್ತಿದ್ದಳು. ಒಂದು ಬಾಂಡ್ ಹಾಳೆ, ಅದರ ಹಿಂದೆ ಮೂರು ಕಾರ್ಬನ್ ಪ್ರತಿ. ತಪ್ಪಾದರೆ ನಾಲ್ಕೂ ಹಾಳೆಯಲ್ಲಿ ಬ್ಲೇಡಿನಿಂದ ಕೆರೆಯಬೇಕು. ಸಂಜೆಯ ಹೊತ್ತಿಗೆ ಅವಳ ಎಡಗೈಯ ಕಿರುಬೆರಳು ಮಡಿಸಲು ಬರುತ್ತಿರಲಿಲ್ಲ.

ಅವಳ ಅಪ್ಪ ಸಿರುಮುಗೈಯಲ್ಲಿ ಮಗ್ಗ ಹಾಕಿಕೊಂಡಿದ್ದ, ಕನ್ನಡ ಮನೆಮಾತಿನ ದೇವಾಂಗದವರು. ಆ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ಆದಮೇಲೆ ಹಟ ಹಿಡಿದು ಇಂಗ್ಲಿಷ್ ಟೈಪಿಂಗ್ ಹೈಯರ್ ಪಾಸು ಮಾಡಿದವಳು ಅವಳೊಬ್ಬಳೇ. ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ಹಾಗೆಯೇ ಹೋಯಿತು. ಅಪ್ಪ ತೀರಿಕೊಂಡ ಮೇಲೆ ತಮ್ಮ ಮೈಲ್‌ಸಾಮಿಗೆ ಸಿಂಗಾನಲ್ಲೂರಿನ ಕಡೆಯ ಒಂದು ನೂಲಿನ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಅವನು, ಅವನ ಹೆಂಡತಿ ಕುಪ್ಪಮ್ಮ, ಕಣ್ಣಮ್ಮ ಮೂವರೂ ದೇವಾಂಗಪೇಟೆಯ ಒಂದು ವಠಾರದಲ್ಲಿ ಎರಡು ಕೋಣೆ ಹಿಡಿದುಕೊಂಡು ಇದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಅವರ ಪೈಕಿ ಯಾರಿಗೂ ಗೊತ್ತಿರಲಿಲ್ಲ.

ಮೈಲ್‌ಸಾಮಿಗೆ ಕಾರ್ಡಿಂಗ್ ವಿಭಾಗದಲ್ಲಿ ಕೆಲಸ. ಹತ್ತಿಯನ್ನು ಬಾಚಿ ಎಳೆಯಾಗಿಸುವ ಯಂತ್ರಗಳ ನಡುವೆ, ಬಿಳಿ ಧೂಳಿನಲ್ಲಿ ನಿಂತಿರಬೇಕು. ಹನ್ನೆರಡು ವರ್ಷ ನಿಂತ ಮೇಲೆ ಅವನ ಎದೆ ಕೈಕೊಟ್ಟಿತು. ವಿಚಿತ್ರವೆಂದರೆ, ಭಾನುವಾರ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಹೋದ ದಿನವೇ ಉಸಿರು ಹೆಚ್ಚು ಕಟ್ಟುತ್ತಿತ್ತು. ಮಿಲ್ಲಿನ ಡಾಕ್ಟರು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: ಬೀಡಿ ಬಿಡು. ಮೈಲ್‌ಸಾಮಿ ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ. ಅದನ್ನು ಹೇಳಲು ಕಣ್ಣಮ್ಮ ಜೊತೆಗೆ ಹೋಗಬೇಕಾಗುತ್ತಿತ್ತು. ಅವನಾದರೆ ಡಾಕ್ಟರ ಮುಂದೆ ಬಾಯಿಯೇ ಬಿಡುತ್ತಿರಲಿಲ್ಲ. ಹೀಗೆ ತಿಂಗಳಿಗೆ ಎರಡು ಮೂರು ಸಲ ಅರ್ಧ ದಿನದ ಕೆಲಸ ಬಿಟ್ಟು ಬೆಂಚಿನ ಮೇಲೆ ಕೂತು, ಬಿಟ್ಟ ಕೆಲಸವನ್ನು ಮರುದಿನ ಸೇರಿಸಿ ಮಾಡಿ, ಅವಳಿಗೆ ದಣಿವು ಎನ್ನುವುದು ಬೇರೆಯಾಗಿ ಗೊತ್ತಾಗುವುದೇ ನಿಂತುಹೋಗಿತ್ತು.

೧೯೮೬ರ ಜೂನ್‌ನಲ್ಲಿ ನಬೀಲ್ ಮೊದಲ ಸಲ ಮಹಡಿ ಹತ್ತಿ ಬಂದ. ಇಪ್ಪತ್ತೆಂಟರ ವಯಸ್ಸು, ಆಗಲೇ ನೆತ್ತಿ ಬೋಳಾಗುತ್ತಿತ್ತು. ಊರು ಗಾಜಾ ಪಟ್ಟಿಯ ಖಾನ್ ಯೂನಿಸ್. ಇಲ್ಲಿ ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಸೇರಿದ್ದ. ಉಕ್ಕಡಂನಲ್ಲಿ ಮೀನು ಮಾರುಕಟ್ಟೆಯ ಹಿಂದೆ ಒಂದು ಕೋಣೆ ಮಾಡಿಕೊಂಡಿದ್ದ. ಟೈಪ್ ಮಾಡಬೇಕಾದ ಹಾಳೆಗಳನ್ನು ಮೇಜಿನ ಮೇಲಿಟ್ಟು, ಇಂಗ್ಲಿಷಿನಲ್ಲಿ, “ಮೇಡಂ, ಅರಬ್ಬಿ ಹೆಸರುಗಳು ಬಹಳ ಇವೆ. ಬೇರೆ ಕಡೆ ಕೊಟ್ಟಿದ್ದೆ, ಒಂದೊಂದು ಪುಟದಲ್ಲಿ ನಮ್ಮ ಊರಿನ ಹೆಸರು ಒಂದೊಂದು ರೀತಿ ಬಂದಿತ್ತು” ಎಂದ.

“ನೀವು ಹೇಗೆ ಬರೆದಿದ್ದೀರೋ ಹಾಗೇ ಬರುತ್ತದೆ. ತಪ್ಪು ಬರೆದಿದ್ದರೆ ತಪ್ಪೇ ಬರುತ್ತದೆ” ಎಂದಳು ಕಣ್ಣಮ್ಮ.

ಅವನ ಸಂಶೋಧನೆ ಅವನ ಊರಿನ ಕಡೆಯ ನಿರಾಶ್ರಿತರ ಶಿಬಿರಗಳ ಬಗ್ಗೆ. ಅಲ್ಲಿನವರಿಗೆ ಕಾಯಿಲೆ ಬಂದರೆ ಎಲ್ಲಿಗೆ ಹೋಗುತ್ತಾರೆ, ಆ ಚಿಕಿತ್ಸೆಗೆ ಹಣ ಎಲ್ಲಿಂದ ಬರುತ್ತದೆ, ಯಾರು ಹೂಂ ಎಂದರೆ ಸಿಗುತ್ತದೆ, ಯಾರು ಉಹೂಂ ಎಂದರೆ ಸಿಗುವುದಿಲ್ಲ, ಇಷ್ಟೇ. ಅಲ್ಲಿಗೆ ಹೋಗಿ ಬರುವುದು ಅವನಿಗೆ ಸುಲಭವಿರಲಿಲ್ಲ. ಆದ್ದರಿಂದ ಶಿಬಿರದ ಚಿಕಿತ್ಸಾಲಯದಲ್ಲಿ ನರ್ಸಾಗಿದ್ದ ಅವನ ಅಕ್ಕ ನಜ್ವಾ ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬಿಸುತ್ತಿದ್ದಳು. ತುಂಬಿದ ಹಾಳೆಗಳು ಯಾರಾದರೂ ಪ್ರಯಾಣ ಹೋಗುವವರ ಕೈಯಲ್ಲಿ ಅಮ್ಮಾನಿನ ಸೋದರಮಾವನಿಗೆ ತಲುಪಿ, ಅಲ್ಲಿಂದ ಅಂಚೆಯಲ್ಲಿ ಕೊಯಮತ್ತೂರಿಗೆ ಬರಬೇಕು. ಒಟ್ಟು ಇನ್ನೂರ ನಲವತ್ತು ಮನೆಗಳು. ಮೊದಲ ಕಂತಿನ ತೊಂಬತ್ತು ಮನೆಗಳ ಹಾಳೆಗಳು ಆಗಲೇ ಬಂದಿದ್ದವು.

ಪ್ರಶ್ನಾವಳಿಯನ್ನು ಟೈಪ್ ಮಾಡುವಾಗ ಕಣ್ಣಮ್ಮ ತನ್ನ ನಿಯಮವನ್ನು ತಾನೇ ಮುರಿದಳು. ಇಪ್ಪತ್ತೆರಡು ಪ್ರಶ್ನೆಗಳಿದ್ದವು. ಯಾರಿಗೆ ಕಾಯಿಲೆ, ಎಷ್ಟು ದಿನ, ಯಾವ ಆಸ್ಪತ್ರೆ, ಎಷ್ಟು ದೂರ, ಯಾರ ಅನುಮತಿ ಬೇಕಾಯಿತು. ಅವಳು ಅದನ್ನು ಎರಡು ಸಲ ಓದಿದಳು. ನಬೀಲ್ ಹಾಳೆ ತೆಗೆದುಕೊಂಡು ಹೋಗಲು ಬಂದಾಗ ಸುಮ್ಮನಿರಲಾಗಲಿಲ್ಲ.

“ಇದರಲ್ಲಿ ಒಂದು ಕೇಳಿಲ್ಲ ನೀವು.”

“ಏನು ಮೇಡಂ?”

“ಕಾಯಿಲೆಯವರ ಜೊತೆ ಯಾರು ಹೋದರು ಅಂತ. ಒಬ್ಬರೇ ಹೋಗುವುದಿಲ್ಲವಲ್ಲ ಯಾರೂ. ಜೊತೆಗೆ ಹೋದವರು ಏನು ಕೆಲಸ ಬಿಟ್ಟು ಹೋದರು?”

ಅವನು ಕುರ್ಚಿ ಎಳೆದುಕೊಂಡು ಕುಳಿತ. ಪ್ರಶ್ನಾವಳಿಯನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ತಿರುವಿ ನೋಡಿದ. ಆಮೇಲೆ, “ನಮ್ಮ ಅಮ್ಮನ ಜೊತೆ ಅಕ್ಕ ಹೋಗುತ್ತಿದ್ದಳು. ಅದಕ್ಕೇ ಅವಳ ಓದು ನರ್ಸಿಂಗಿನಲ್ಲೇ ನಿಂತಿತು. ನನಗೆ ಹೊಳೆಯಲೇ ಇಲ್ಲ ನೋಡಿ” ಎಂದ. ಅದು ಇಪ್ಪತ್ಮೂರನೆಯ ಪ್ರಶ್ನೆಯಾಯಿತು. ಎರಡನೆಯ ಕಂತಿನ ಎಪ್ಪತ್ತು ಮನೆಗಳಲ್ಲಿ ನಜ್ವಾ ಅದನ್ನೂ ಕೇಳಿದಳು. ಮರುವರ್ಷದ ಮಾರ್ಚಿನಲ್ಲಿ ಉತ್ತರಗಳು ಬಂದಾಗ ನಬೀಲ್ ಓಡೋಡಿ ಮಹಡಿ ಹತ್ತಿದ. ಜೊತೆಗೆ ಹೋದವರು ಹೆಚ್ಚಿನವರು ಹೆಣ್ಣುಮಕ್ಕಳು. ಶಾಲೆ ಬಿಟ್ಟವರು, ಹೊಲಿಗೆ ಬಿಟ್ಟವರು, ಬುಟ್ಟಿ ಹೊತ್ತು ಮಾರುವುದನ್ನು ಬಿಟ್ಟವರು. ಅಂದಿನಿಂದ ಅವನು ಅವಳನ್ನು ಮೇಡಂ ಎನ್ನುವುದು ಬಿಟ್ಟು ಅಕ್ಕಾ ಎಂದು ಕರೆಯತೊಡಗಿದ. ಉಕ್ಕಡಂನ ಮೀನು ಮಾರುವವರಿಂದ ಕಲಿತ ತಮಿಳಿನಲ್ಲಿ ಆ ಒಂದು ಪದವನ್ನು ಮಾತ್ರ ಅವನು ಸರಿಯಾಗಿ ಹೇಳುತ್ತಿದ್ದ.

ಕಷ್ಟ ಬಂದದ್ದು ಐದನೆಯ ಅಧ್ಯಾಯದಿಂದ. ನಬೀಲನ ಮಾರ್ಗದರ್ಶಕರು ಪ್ರೊಫೆಸರ್ ಸೋಮಸುಂದರಂ. ಕೆಟ್ಟವರಲ್ಲ, ನಿವೃತ್ತಿಗೆ ಎರಡು ವರ್ಷವಿದ್ದ ಹೆದರಿಕೆಯ ಮನುಷ್ಯ. ನಾಲ್ಕು ಅಧ್ಯಾಯಗಳನ್ನು ಅವರು ಮೆಚ್ಚಿಕೊಂಡರು. ಐದನೆಯದರಲ್ಲಿ ಅನುಮತಿ ಪತ್ರಗಳು, ಸೈನಿಕರ ತಪಾಸಣೆಯ ಕಟ್ಟೆಗಳು, ಯಾವ ಸಂಘದ ಚಿಕಿತ್ಸಾಲಯ ಯಾವ ಪಕ್ಷದ್ದು, ಇದೆಲ್ಲ ಇತ್ತು. ಅದರ ಅಂಚಿನಲ್ಲಿ ಅವರು ಕೆಂಪು ಶಾಯಿಯಲ್ಲಿ ಬರೆದರು: ಇದು ರಾಜಕೀಯ. ಆರೋಗ್ಯ ಮತ್ತು ಹಣಕಾಸು ಸಾಕು.

ನಬೀಲ್ ಅಧ್ಯಾಯವನ್ನು ಅರ್ಧ ಮಾಡಿ ಬರೆದ. ಕಣ್ಣಮ್ಮ ಟೈಪ್ ಮಾಡಿದಳು. ಕೆಂಪು ಶಾಯಿ ಮತ್ತೆ ಬಂತು. ಇನ್ನೂ ಕಡಿಮೆ ಮಾಡಿದ, ಮತ್ತೆ ಟೈಪಾಯಿತು. ಒಂದು ಅಧ್ಯಾಯ ಕರಗಿದರೆ ಮಿಕ್ಕ ಎಲ್ಲ ಪುಟಗಳ ಸಂಖ್ಯೆಯೂ ಬದಲಾಗುತ್ತದೆ, ಕೋಷ್ಟಕಗಳ ಸಂಖ್ಯೆಯೂ ಬದಲಾಗುತ್ತದೆ. ೧೯೮೭ರ ಬೇಸಗೆಯಿಂದ ಕಾರ್ತಿಕದವರೆಗೆ ಅವಳು ಅದೇ ಪ್ರಬಂಧವನ್ನು ಮೂರು ಸಲ ಟೈಪ್ ಮಾಡಿದಳು. ಮೂರನೆಯ ಸಲ ಹಾಳೆ ಕೊಡುವಾಗ ನಬೀಲ್ ತಲೆ ತಗ್ಗಿಸಿದ್ದ.

“ಬೇಜಾರಾಗಿದೆಯಾ ಅಕ್ಕಾ?”

“ಬೇಜಾರು ಅಂತಲ್ಲ. ಇದನ್ನು ತೆಗೆದರೆ ಮುಂದಿನ ಪುಟ ಅರ್ಥ ಆಗುವುದಿಲ್ಲ. ಗರ್ಭಿಣಿ ಆಸ್ಪತ್ರೆಗೆ ಹೊರಟಳು ಅಂತಿದೆ, ಆಮೇಲೆ ದಾರಿಯಲ್ಲಿ ಹೆರಿಗೆಯಾಯಿತು ಅಂತಿದೆ. ನಡುವೆ ಯಾಕೆ ನಿಂತಳು ಅನ್ನುವುದನ್ನೇ ತೆಗೆದಿದ್ದೀರಿ.”

“ನಾನು ತೆಗೆಯಲಿಲ್ಲ” ಎಂದ ನಬೀಲ್.

ಆ ಡಿಸೆಂಬರಿನಲ್ಲಿ ಗಾಜಾದಲ್ಲಿ ಗಲಭೆ ಎದ್ದಿತು. ಪತ್ರಿಕೆಯಲ್ಲಿ ಮೊದಲು ಒಳಪುಟದಲ್ಲಿ, ಆಮೇಲೆ ಮುಖಪುಟದಲ್ಲಿ ಸುದ್ದಿ ಬರತೊಡಗಿತು. ನಬೀಲ್ ಒಂದು ಸಣ್ಣ ಟ್ರಾನ್ಸಿಸ್ಟರನ್ನು ಕಿವಿಗೆ ಒತ್ತಿಕೊಂಡೇ ಓಡಾಡುತ್ತಿದ್ದ. ಮೂರನೆಯ ಕಂತಿನ ಎಂಬತ್ತು ಮನೆಗಳ ಹಾಳೆಗಳು ಆಗಲೇ ತುಂಬಿ, ಒಯ್ಯುವವರಿಗಾಗಿ ಕಾಯುತ್ತಿದ್ದವು. ಜನವರಿ ಕಳೆಯಿತು, ಫೆಬ್ರವರಿ ಕಳೆಯಿತು. ಅವನು ದಿನಾ ಅಂಚೆ ಕಚೇರಿಗೆ ಹೋಗಿ, ಹಿಂದಿರುಗುವಾಗ ಸುಮ್ಮನೆ ಇನ್‌ಸ್ಟಿಟ್ಯೂಟಿನ ಬೆಂಚಿನಲ್ಲಿ ಕೂತು ಹೋಗುತ್ತಿದ್ದ. ಹುಡುಗಿಯರ ಇಪ್ಪತ್ತು ಯಂತ್ರಗಳ ಸದ್ದಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಕಣ್ಣಮ್ಮ ಚಹಾ ತರಿಸುತ್ತಿದ್ದಳು.

ಮಾರ್ಚ್ ಕೊನೆಗೆ ಸೋದರಮಾವನ ಮೂಲಕ ನಜ್ವಾಳ ಕಾಗದ ಬಂತು. ನಾನು ಚೆನ್ನಾಗಿದ್ದೇನೆ, ಅಮ್ಮನೂ ಚೆನ್ನಾಗಿದ್ದಾಳೆ. ಮನೆ ಶೋಧಿಸಿದಾಗ ಸೈನಿಕರು ಕಾಗದಗಳನ್ನೆಲ್ಲ ಕೊಂಡೊಯ್ದರು, ಪ್ರಶ್ನಾವಳಿಗಳೂ ಅದರಲ್ಲಿ ಹೋದವು. ಎಂಬತ್ತು ಮನೆಯವರ ಹೆಸರು ಅದರಲ್ಲಿತ್ತಲ್ಲ ಎಂಬುದೇ ನನಗೆ ಹೆದರಿಕೆ, ಇನ್ನು ಮೇಲೆ ಯಾರ ಮನೆಗೂ ಕೇಳಲು ಹೋಗಲಾರೆ, ನನ್ನನ್ನು ಕ್ಷಮಿಸು ಎಂದು ಬರೆದಿದ್ದಳು.

ನೂರ ಅರವತ್ತು ಮನೆಗಳಿಂದ ಪಿಎಚ್.ಡಿ. ಆಗುವುದಿಲ್ಲ ಎಂದರು ಸೋಮಸುಂದರಂ. ಬೇಕಾದರೆ ಎಂ.ಫಿಲ್. ಎಂದು ಬದಲಿಸಿ ಒಪ್ಪಿಸಬಹುದು, ಅದೂ ಜೂನ್ ಮುಗಿಯುವುದರೊಳಗೆ.

ಏಪ್ರಿಲಿನ ಎರಡನೆಯ ವಾರ ಮೈಲ್‌ಸಾಮಿ ಹಾಸಿಗೆ ಹಿಡಿದ. ಕುಪ್ಪಮ್ಮ ಆನೈಮಲೈಯ ತವರುಮನೆಯಲ್ಲಿ ಬಾಣಂತನಕ್ಕಿದ್ದ ತಂಗಿಯನ್ನು ನೋಡಲು ಹೋಗಿದ್ದವಳು ಇನ್ನೂ ಬಂದಿರಲಿಲ್ಲ. ಕಣ್ಣಮ್ಮ ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ನಬೀಲ್ ವಿಳಾಸ ಕೇಳಿಕೊಂಡು ವಠಾರಕ್ಕೆ ಬಂದ. ಹಸ್ತಪ್ರತಿ ವಾಪಸು ಕೊಡಿ, ನಾನು ಇದನ್ನು ಬಿಟ್ಟುಬಿಡುತ್ತೇನೆ ಎಂದು ಹೇಳಲು ಬಂದಿದ್ದ. ಒಳಗೆ ಗೋಡೆಗೆ ಒರಗಿ ಕೂತು ಬಾಯಲ್ಲಿ ಉಸಿರೆಳೆದುಕೊಳ್ಳುತ್ತಿದ್ದ ಮೈಲ್‌ಸಾಮಿಯನ್ನು ನೋಡಿ ಆ ಮಾತನ್ನು ಆಮೇಲಕ್ಕೆ ಇಟ್ಟುಕೊಂಡ.

“ಏನು ಕೆಲಸ ಮಾಡುತ್ತಾರೆ ಇವರು?” ಎಂದು ಕೇಳಿದ. ಕಣ್ಣಮ್ಮ ಹೇಳಿದಳು. ಸೋಮವಾರದ ಸಂಗತಿಯನ್ನೂ ಹೇಳಿದಳು. ನಬೀಲ್ ಚೀಲದಿಂದ ಒಂದು ಖಾಲಿ ಪ್ರಶ್ನಾವಳಿಯನ್ನು ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ. ಯಾಕೆ ಹಾಗೆ ಮಾಡಿದನೋ ಅವನಿಗೂ ಗೊತ್ತಿರಲಿಲ್ಲ. ಎರಡು ವರ್ಷದಿಂದ ಬೇರೆಯವರ ಕೈಯಲ್ಲಿ ಕೇಳಿಸುತ್ತಿದ್ದ ಪ್ರಶ್ನೆಗಳನ್ನು ಅವನು ತಾನೇ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಅವನು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಕಣ್ಣಮ್ಮ ತಮ್ಮನಿಗೆ ತಮಿಳು ಬೆರೆತ ಮನೆಯ ಕನ್ನಡದಲ್ಲಿ ಹೇಳಿದಳು. ಅದರಲ್ಲಿ ಉಸಿರು ಮೂಚ್ಚು ಆಗಿತ್ತು, ಮುದ್ದಿನ ತಮ್ಮ ಕಣ್ಣು.

“ಮೊದ್ಲು ಮೊದ್ಲು ಯಾವಾಗ ಮೂಚ್ಚು ಕಟ್ಟಿದ್ದು ಅಂತ ಕೇಳ್ತಾರೆ, ಕಣ್ಣು.”

“ನಿಂಗೇ ಗೊತ್ತಲ್ಲಕ್ಕಾ. ನೀನೇ ಸೊಲ್ಲು.”

“ನಾನು ಹೇಳಬಾರ್ದಂತೆ. ನೀನೇ ಹೇಳಬೇಕು.”

ಮೈಲ್‌ಸಾಮಿ ಎದುರಿಗಿದ್ದವನನ್ನು ನೋಡಿದ. ಬರೆಯಲು ಸಿದ್ಧವಾಗಿ ಹಿಡಿದಿದ್ದ ಪೆನ್ನನ್ನು ನೋಡಿದ. ಆಮೇಲೆ ನಿಧಾನವಾಗಿ, ಮಧ್ಯೆ ಮಧ್ಯೆ ನಿಲ್ಲಿಸಿಕೊಂಡು ಶುರುಮಾಡಿದ.

“ಪೊಂಗಲ್ ಮುಗಿದು ಕೆಲಸಕ್ಕೆ ಓದ ಸೋಮವಾರ... ಅದಾಗಿ ಆರು ವರುಷ ಆಯ್ತು. ಮಿಲ್ಲು ಒಳಗೆ ಕಾಲಿಟ್ಟ ಒಂದು ಗಂಟೆಗೆ ಎದೆ ಮೇಲೆ ಮೂಟೆ ಇಟ್ಟಂಗೆ ಆಯ್ತು. ನಂಗೊಬ್ಬನಿಗೇ ಅಲ್ಲ. ನಮ್ಮ ಶಿಫ್ಟಲ್ಲಿ ಒಂಬತ್ತು ಆಳಿಗೆ ಇದೇ ಇರೋದು.”

“ಒಂಬತ್ತು ಜನಕ್ಕಾ? ಯಾವತ್ತೂ ಹೇಳ್ಲೇ ಇಲ್ವಲ್ಲೋ ನೀನು!”

“ಯಾರು ಕೇಳಿದ್ರು?”

ಯಾರನ್ನು ಕೇಳಿಕೊಂಡರೆ ಬೇರೆ ವಿಭಾಗಕ್ಕೆ ಹಾಕುತ್ತಾರೆ ಎಂದು ನಬೀಲ್ ಕೇಳಿದ. ಮೈಲ್‌ಸಾಮಿ ನಗಲು ಹೋಗಿ ಕೆಮ್ಮಿದ.

“ಮೊದ್ಲು ಮೇಸ್ತ್ರಿ ಅತ್ರ ಓಗಬೇಕು. ಮೇಸ್ತ್ರಿ ಯೂನಿಯನ್‌ನವನ್ನ ಕೇಳು ಅಂತಾನೆ. ನಮ್ಮ ಮಿಲ್ಲಲ್ಲಿ ಮೂರು ಕೊಡಿ ಇದೆ. ಯಾವ ಕೊಡಿ ಇಡಿದ್ರೆ ಡಾಕ್ಟರ್ ಚೀಟಿ ಸೀಕ್ರಂ, ಒಂದೇ ದಿನಕ್ಕೆ ಸಿಗುತ್ತೆ ಅಂತ ಗೇಟು ವಾಚ್‌ಮ್ಯಾನಿಗೂ ಗೊತ್ತು. ನಾನು ಯಾವ ಕೊಡಿನೂ ಇಡೀಲಿಲ್ಲ. ಅದುಕ್ಕೇ ನಾನು ಬೀಡಿ ಸೇದೋನು.”

ಕೊಡಿ ಎಂದರೆ ಬಾವುಟ, ಪಕ್ಷದ ಯೂನಿಯನ್ ಎಂದು ಕಣ್ಣಮ್ಮ ವಿವರಿಸಿದಾಗ ನಬೀಲ್ ಬರೆಯುವುದನ್ನು ನಿಲ್ಲಿಸಿದ. ಹಾಳೆಯನ್ನು ನೋಡುತ್ತಾ, “ಇವರು ಹೇಳಿದ್ದು ನನ್ನ ಐದನೆಯ ಅಧ್ಯಾಯ” ಎಂದ. ತಿಂಗಳುಗಳ ಮೇಲೆ ಅವನ ಮುಖದಲ್ಲಿ ನಗು ಬಂತು, ಸೋತ ನಗು.

ಕಣ್ಣಮ್ಮ ಅವನಿಗೆ ಊಟಕ್ಕೆ ಬಡಿಸಿದಳು. ಆಗಲೇ ಅವನು ಹಸ್ತಪ್ರತಿಯ ಮಾತು ತೆಗೆದದ್ದು. ಅವಳು ರಸದ ಪಾತ್ರೆ ಕೆಳಗಿಟ್ಟು ಹೇಳಿದಳು:

“ನಾನು ನೂರಕ್ಕೆ ಮೇಲೆ ಪ್ರಬಂಧ ಟೈಪ್ ಮಾಡಿದ್ದೇನೆ. ಒಳಗೆ ಏನಿದೆ ಅಂತ ಗೊತ್ತಿಲ್ಲ. ಆದರೆ ಕೆಂಪು ಶಾಯಿ ಎಲ್ಲಿವರೆಗೆ ಬರುತ್ತದೆ ಅಂತ ಗೊತ್ತು. ಅಧ್ಯಾಯ ಮುಗಿದ ಮೇಲೆ ಅನುಬಂಧ ಅಂತ ಹಾಕುತ್ತಾರಲ್ಲ, ಅಲ್ಲಿಗೆ ಯಾರ ಶಾಯಿಯೂ ಬಂದದ್ದು ನಾನು ಕಂಡಿಲ್ಲ. ನೀವು ಮೊದಲು ಬರೆದ ಐದನೆಯ ಅಧ್ಯಾಯವನ್ನು ಹಾಗೇ ಅನುಬಂಧಕ್ಕೆ ಹಾಕಿ. ಮನೆಯವರು ಹೇಳಿದ ಮಾತುಗಳು ಅಂತ ತಲೆಬರಹ ಕೊಡಿ.”

“ಎಂ.ಫಿಲ್.ಗೆ ಅಷ್ಟು ಶ್ರಮ ಯಾಕೆ ಅಕ್ಕಾ? ಯಾರು ಓದುತ್ತಾರೆ?”

“ಯಾರೂ ಓದುವುದಿಲ್ಲ. ಆದರೆ ನಿಮ್ಮ ಅಕ್ಕ ಇನ್ನೂರ ನಲವತ್ತು ಮನೆಗೆ ನಡೆದಿದ್ದಾಳೆ. ಉಳಿದದ್ದಾದರೂ ಕಾಗದದ ಮೇಲೆ ಇರಲಿ.”

ಅವನು ಊಟ ಮುಗಿಸಿ ಹೊರಡುವಾಗ ಹಸ್ತಪ್ರತಿಯನ್ನು ಕೇಳಲಿಲ್ಲ. ಎಲ್ಲರ ಹೆಸರನ್ನೂ ತೆಗೆದು ಅಂಕಿ ಹಾಕಬೇಕು, ಅಷ್ಟು ಮಾತ್ರ ನೋಡಿಕೊಳ್ಳಿ ಎಂದ.

ಮೇ ತಿಂಗಳಿಡೀ ಅವಳು ನಾಲ್ಕನೆಯ ಸಲ ಟೈಪ್ ಮಾಡಿದಳು. ಸೆಕೆಗೆ ಕಾರ್ಬನ್ ಬೆರಳಿಗೆ ಅಂಟುತ್ತಿತ್ತು. ಈ ಸಲ ಅವಳು ಅಕ್ಷರ ಮಾತ್ರ ನೋಡಲಿಲ್ಲ, ಓದಿದಳು. ಆದ್ದರಿಂದ ತಪ್ಪುಗಳೂ ಹೆಚ್ಚಿದವು, ಬ್ಲೇಡಿನ ಕೆಲಸವೂ ಹೆಚ್ಚಿತು. ಕೃತಜ್ಞತೆಯ ಪುಟದಲ್ಲಿ ನಬೀಲ್, ಪ್ರಶ್ನಾವಳಿಯ ಇಪ್ಪತ್ಮೂರನೆಯ ಪ್ರಶ್ನೆ ಕಣ್ಣಮ್ಮನವರದು ಎಂದು ಬರೆದಿದ್ದ. ಅವಳು ಅದನ್ನು ಬಿಟ್ಟು, ಎಲ್ಲ ಪ್ರಬಂಧಗಳಲ್ಲೂ ಇರುವಂತೆ ಅಂದವಾಗಿ ಟೈಪ್ ಮಾಡಿದ್ದಕ್ಕೆ ವಂದನೆಗಳು ಎಂದಷ್ಟೇ ಹೊಡೆದಳು. ನಬೀಲ್ ಅದನ್ನು ಕಂಡುಹಿಡಿದ.

“ಈ ಪುಟ ಮತ್ತೆ ಟೈಪ್ ಆಗಬೇಕು.”

“ಮತ್ತೆ ಒಂದು ಪುಟವಾ?”

“ಮತ್ತೆ ಒಂದೇ ಪುಟ ಅಕ್ಕಾ.”

ಅವಳು ನಿಟ್ಟುಸಿರು ಬಿಟ್ಟು ಹೊಸ ಹಾಳೆ ಸೇರಿಸಿದಳು.

ಸೋಮಸುಂದರಂ ಅನುಬಂಧವನ್ನು ಬಿಡಿಸಿ ನೋಡಿದರೋ ಇಲ್ಲವೋ ತಿಳಿಯದು, ಸಹಿ ಮಾಡಿದರು. ಸೆಪ್ಟೆಂಬರಿನಲ್ಲಿ ನಬೀಲನಿಗೆ ಎಂ.ಫಿಲ್. ಆಯಿತು. ಊರಿಗೆ ಹೋಗುವ ದಾರಿ ತೆರೆದಿರಲಿಲ್ಲ, ಅಮ್ಮಾನಿಗೆ ಹೋದ. ಹೊರಡುವ ದಿನ ಬಂದು, ಪ್ರಬಂಧದ ಒಂದು ಕಾರ್ಬನ್ ಪ್ರತಿಯನ್ನು ಅವಳ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದ. ಅಲ್ಲಿಂದ ಎರಡು ಕಾಗದ ಬಂದವು. ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಗುಮಾಸ್ತನಾಗಿದ್ದೇನೆ, ಅಕ್ಕನ ಚಿಕಿತ್ಸಾಲಯ ಒಂದು ದಿನ ತೆರೆದರೆ ಮೂರು ದಿನ ಮುಚ್ಚಿರುತ್ತದೆ ಎಂದಿತ್ತು ಎರಡನೆಯದರಲ್ಲಿ. ಆಮೇಲೆ ಬರಲಿಲ್ಲ.

ಮೈಲ್‌ಸಾಮಿಯ ಉತ್ತರಗಳನ್ನು ಕಣ್ಣಮ್ಮ ಅಚ್ಚುಕಟ್ಟಾಗಿ ಎರಡು ಪುಟ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದಳು. ಆರು ವರ್ಷದ ಸೋಮವಾರಗಳು, ಒಂಬತ್ತು ಜನ, ಎಲ್ಲವೂ ಅದರಲ್ಲಿತ್ತು. ಅದನ್ನು ಹಿಡಿದು ಅವನನ್ನು ಸರ್ಕಾರಿ ಆಸ್ಪತ್ರೆಯ ಎದೆರೋಗದ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಡಾಕ್ಟರು ವಯಸ್ಸಾದ ಹೆಂಗಸು. ಎರಡೂ ಪುಟ ಓದಿ, “ಇದನ್ನು ಬರೆದವರು ಯಾರು?” ಎಂದು ತಮಿಳಿನಲ್ಲಿ ಕೇಳಿದರು.

“ಹೇಳಿದ್ದು ಇವನು. ಕೇಳಿದ್ದು ಬೇರೆಯವರು. ನಾನು ಟೈಪ್ ಮಾಡಿದೆ” ಎಂದಳು ಕಣ್ಣಮ್ಮ.

ಹತ್ತಿ ಧೂಳಿನಿಂದ ಬಂದ ರೋಗ ಎಂದು ಡಾಕ್ಟರು ಚೀಟಿಯಲ್ಲಿ ಬರೆದರು. ಆ ಚೀಟಿಯ ಬಲದಿಂದ ಮಿಲ್ಲಿನವರು ಅವನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಮಿಕ್ಕ ಎಂಟು ಜನರಲ್ಲಿ ಮೂವರು ಮಾತ್ರ ಆಸ್ಪತ್ರೆಗೆ ಹೋಗುವ ಧೈರ್ಯ ಮಾಡಿದರು. ಐದು ತಿಂಗಳು ಮೈಲ್‌ಸಾಮಿ ಸುಖವಾಗಿ ಉಸಿರಾಡಿದ. ೧೯೮೯ರ ಮೊದಲಲ್ಲಿ ಮಿಲ್ಲೇ ಮುಚ್ಚಿಹೋಯಿತು, ಪ್ಯಾಕಿಂಗ್, ಕಾರ್ಡಿಂಗ್ ಎರಡೂ ಒಟ್ಟಿಗೆ.

ಕುಪ್ಪಮ್ಮನ ಅಣ್ಣ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಇದ್ದ. ಅವನ ಮಾತಿನಿಂದ ಕುಪ್ಪಮ್ಮನಿಗೆ ಬನಿಯನ್ ಮಡಿಸುವ ಕೆಲಸ, ಮೈಲ್‌ಸಾಮಿಗೆ ಗೇಟಿನಲ್ಲಿ ಕೂತು ಬಂದವರ ಹೆಸರು ಬರೆಯುವ ಕೆಲಸ ಸಿಕ್ಕಿತು. ಹೊರದೇಶಕ್ಕೆ ಕಾಗದ ಬರೆಯಲು ಇಂಗ್ಲಿಷ್ ಟೈಪಿಸ್ಟ್ ಬೇಕೆಂದು ಕಂಪನಿಯ ಮಾಲೀಕರು ಹೇಳಿದಾಗ ಮೈಲ್‌ಸಾಮಿ ಅಕ್ಕನ ಹೆಸರು ಹೇಳಿದ. ಮೂವರೂ ತಿರುಪ್ಪೂರಿಗೆ ಮನೆ ಬದಲಾಯಿಸಿದರು. ಇನ್‌ಸ್ಟಿಟ್ಯೂಟಿನವರು ಅವಳಿಗೊಂದು ಸ್ಟೀಲ್ ಡಬ್ಬಿ ಕೊಟ್ಟು ಕಳಿಸಿದರು.

ಹೊಸ ಕೆಲಸದಲ್ಲಿ ಎಲ್ಲ ಕಾಗದವೂ ಒಂದೇ ಪುಟದ್ದು. ಎಷ್ಟು ಡಜನ್, ಯಾವ ಬಣ್ಣ, ಯಾವ ಹಡಗು. ಮೊದಲ ವಾರ ಮಧ್ಯಾಹ್ನ ಎರಡಕ್ಕೇ ಕೆಲಸ ಮುಗಿದುಹೋಗಿ ಕಣ್ಣಮ್ಮನಿಗೆ ಏನು ಮಾಡಬೇಕೆಂದು ತಿಳಿಯದೆ, ಗೇಟಿನ ಬಳಿ ತಮ್ಮನ ಸ್ಟೂಲಿನ ಪಕ್ಕದಲ್ಲಿ ಹೋಗಿ ನಿಂತಳು. ಹೊರಗೆ ಬಟ್ಟೆಗೆ ಬಣ್ಣ ಕಟ್ಟುವ ಕಾರ್ಖಾನೆಯ ನೀರು ನೀಲಿಯಾಗಿ ಚರಂಡಿಯಲ್ಲಿ ಹರಿಯುತ್ತಿತ್ತು.

“ವೇಲೆ ಇಲ್ವಾ ಅಕ್ಕಾ?” ಎಂದ ಮೈಲ್‌ಸಾಮಿ.

“ಇವತ್ತಿನ ಕೆಲಸ ಮುಗಿದೋಯ್ತು.”

ಅವನು ಎದ್ದು ಸ್ಟೂಲನ್ನು ಅವಳ ಕಡೆಗೆ ತಳ್ಳಿದ. ಅವಳು ಬೇಡವೆನ್ನಲಿಲ್ಲ. ಕೂತು, ಗೋಡೆಗೆ ಒರಗಿ, ಲಾರಿಯ ಹಾರ್ನು ಕೇಳುವವರೆಗೂ ನಿದ್ದೆ ಮಾಡಿದಳು.